ಕಿವಿ ಕೊಯ್ದ ರೂಪಾಯಿ

ನಮ್ಮ ಮನಿಯಾಂವನ ಹೆಸರು ನಾ ಹೇಳಂಗಿಲ್ಲ. ಸುರಪುರ ಸಂತ್ಯಾಗ ಹಳೇ ಬೆಳ್ಳಿ ರೂಪಾಯಿ ನೋಡಿ ಖರೇ ಖೋಟಾ ಹೇಳೋ ಅಂಬಣ್ಣ ಎಲ್ಲಿ ಕುಂದರ್ತಾನ ಅಂತ ಯಾರನ್ನರ ಕೇಳ್ರಿ, ತೋರಸ್ತಾರ. ಹೇಳಿದ್ದು ಊರಮಂದಿ. ನಾ ಹೇಳಿದಂಗಾಗ್ಲಿಲ್ಲ.

ಹುಟ್ಟಿದ್ದು ಕುರಿ ಕಾಯೋರ ಮನ್ಯಾಗ. ಈಗೂ ಹಟ್ಟ್ಯಾಗ ಕುರಿ ಅವ. ಅವನ್ನ ನಾ ನೋಡ್ತೀನಿ, ಇಂವ ರೂಪಾಯಿ ನೋಡ್ತಾನ. ನಿಜಾಮನ ಕಾಲದ ರೂಪಾಯಿ, ಒಂದ್ ಕಡಿ ಚಾರ್ಮಿನಾರು, ಇನ್ನೊಂದ್ ಕಡಿ ಉರ್ದು ಬರಹ. ಅದ್ರಾಗ ಕೆಲವು ಇಸವಿದು ಸಿಗೋದ ಅಪರೂಪ. ಹೈದರಾಬಾದಿನ ಶೌಕಿ ಮಂದಿ ಅವನ್ನ ಹುಡಿಕ್ಕೊಂತ ಬರ್ತಾರ. ಅವರು ಬರಾಕತ್ತಿದ ಮ್ಯಾಲ ಅಪರೂಪದ ರೂಪಾಯಿ ಎಲ್ಲಾ ಕಡಿ ಸಿಗಾಕತ್ಯಾವ.

ಕುರಿ ಕೊಳ್ಳೋರು ಮೊದಲ ಹಲ್ಲು ನೋಡ್ತಾರ. ಇಂವ ರೂಪಾಯಿಗೂ ಹಲ್ಲು ನೋಡ್ತಾನ. ಅಂಚಿನ ಸುತ್ತ ಸಣ್ಣ ಗೆರಿ ಇರ್ತಾವಲ್ಲ, ಅವು. ಎರಕ ಹೊಯ್ದಿದ್ದಾದ್ರ ಆ ಗೆರಿ ನಡುವ ಬೆಸುಗಿ ಕಾಣ್ತದ. ಆಮ್ಯಾಲ ಸವಕಳಿ ನೋಡ್ತಾನ. ಕೈಯಿಂದ ಕೈಗೆ ಓಡ್ಯಾಡಿದ ರೂಪಾಯಿ ಉಬ್ಬಿದ ಕಡಿ ಸವೀತದಂತ, ಮಿನಾರಿನ ತುದಿ ನುಣ್ಣಗ ಆಗಿರಬೇಕಂತ. ತಗ್ಗಿನಾಗೂ ಸವದಿದ್ರ ಅದು ಓಡ್ಯಾಡಿಲ್ಲ, ಯಾರೋ ಕುಂತು ತಿಕ್ಕ್ಯಾರ. ಹಳೇ ರೇಡಿಯೋದಾಗಿನ ಮ್ಯಾಗ್ನೆಟ್ ಹಚ್ಚಿ ನೋಡ್ತಾನ, ತಕ್ಕಡ್ಯಾಗ ತೂಗ್ತಾನ. ಕಡೀಕ ಹಾಸುಗಲ್ಲಿನ ಮ್ಯಾಲ ಬೀಳಿಸಿ ದನಿ ಕೇಳ್ತಾನ. ಬೆಳ್ಳಿ ಟಣ್ಣ್ ಅಂತದ, ಎರಕದ್ದು ಟಪ್ಪ್ ಅಂತದ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅನ್ನೋ ಮಾತು ಇಂವನ ಸಲವಾಗೇ ಹುಟ್ಟಿದಂಗದ.

ಇನ್ನೊಂದು ಮಾತು, ನಾ ಜ್ವಾಳ ಹಸನ ಮಾಡಾಕ ಕುಂತಾಗೆಲ್ಲ ಹೇಳ್ತಾನ. "ಒಂದ ಗಾಯ ಎರಡು ರೂಪಾಯಿಗೆ ಆಗಂಗಿಲ್ಲ. ಎರಡರ ಮ್ಯಾಲೂ ಅದಾ ಗಾಯ ಇತ್ತಂದ್ರ, ಒಂದರ ಅಚ್ಚು ತಗದು ಇನ್ನೊಂದು ಎರದಾರ. ಅಚ್ಚಿನಾಗ ಚಾರ್ಮಿನಾರ್ ಒಂದ ಬರಂಗಿಲ್ಲ, ಗಾಯಾನೂ ಬರ್ತದ." ನಾ ಹೂಂ ಅಂತೀನಿ. ಎದುರಿಗೆ ಕೇರೋ ಮರದಾಗ ಜ್ವಾಳ ಇರ್ತದ, ಅದ್ರಾಗಿನ ಒಂದು ಕಲ್ಲು ಆರಿಸಿ ಒಗಿಯೂಣು ಅಂತ ಮಾತ್ರ ಅವಗ ತಿಳಿಯಂಗಿಲ್ಲ.

ತಾ ಕೊಂಡಿದ್ರಾಗ ಖೋಟಾ ಬಂದ್ರ ತಗಡು ಕತ್ತರಿಸೋ ಕತ್ರಿಲೆ ಎರಡು ತುಂಡು ಮಾಡ್ತಾನ. ಮುಂದ ಇನ್ನೊಬ್ಬರ ಕೈಗೆ ಹೋಗಬಾರ್ದಂತ.

ಇಂಥಾ ಹುಚ್ಚು ಇಂವಗ ಎಲ್ಲಿಂದ ಹತ್ತಿತು ಅಂತೀರಿ? ಅದಕ್ಕ ನಮ್ಮತ್ತಿ ಗೊಲ್ಲಾಳಮ್ಮನ ಕಡಿ ಹೋಗಬೇಕು.

ಮನಿ ಒಳಗ ನಮ್ಮ ಪೂಜಿ ಜಗಲಿ ಮ್ಯಾಲ, ದೇವರ ನಡುವ, ಒಂದು ಬೆಳ್ಳಿ ರೂಪಾಯಿ ಇತ್ತು. ಹಟ್ಟ್ಯಾಗ ಮರಿ ಹುಟ್ಟಿದ ಕೂಡ್ಲೆ ಅದನ್ನ ಹಾಲಾಗ ಅದ್ದಿ ಮರಿ ಹಣಿಗೆ ಮುಟ್ಟಸ್ತಿದ್ರು. ಆಮ್ಯಾಲೇ ಮರಿ ಮೊಲಿಗೆ ಬಿಡೋದು. ಕುರಿ ತಪ್ಪಿಸಿಕೊಂಡ್ರ ಗುರ್ತ ಸಿಗಲಿ ಅಂತ ನಾವು ಕಿವಿ ಕೊಯ್ದು ಕಚ್ಚು ಹಾಕ್ತೀವಿ, ಒಂದೊಂದು ಹಟ್ಟಿಗೆ ಒಂದೊಂದು ಥರ. ನಮ್ಮ ಮನಿಯಾಂವನ ಮುತ್ಯಾ ಆ ರೂಪಾಯಿ ಅಂಚಿಗೂ ನಮ್ಮ ಹಟ್ಟಿ ಕಚ್ಚು ಹಾಕಿದ್ನಂತ. "ದೇವರಾದ್ರೇನಾತು, ತಪ್ಪಿಸಿಕೊಂಡ್ರ?" ಅಂದಿದ್ನಂತ. ಬೆನ್ನಿನ ಕಡಿ ಇನ್ನೊಂದು ತಗ್ಗು ಇತ್ತು. ಅದು ನಮ್ಮತ್ತಿ ಹೊಸದಾಗಿ ಲಗ್ನ ಆಗಿ ಬಂದಾಗ ಟೆಂಗಿನಕಾಯಿ ಒಡಿಯಾಕ ಹೋಗಿ ಮಾಡಿದ್ದು. ಕಾಯಿ ಒಡೀಲಿಲ್ಲ, ದೇವರಿಗೆ ಏಟು ಬಿತ್ತು. ಆ ತಗ್ಗಿನ ಸುದ್ದಿ ಮನಿ ಹೊರಗ ಯಾರಿಗೂ ಗೊತ್ತಿಲ್ಲ.

ನಮ್ಮ ಮನಿಯಾಂವ ಕೂಸಿದ್ದಾಗ ಜ್ವರ ನೆತ್ತಿಗೇರಿ ಕಣ್ಣು ತೇಲಿಸಿದ್ನಂತ. ಮಾವ ಕುರಿ ಹೊಡಕೊಂಡು ದೂರ ಹೋಗಿದ್ದ. ಅತ್ತಿ ಕೂಸನ್ನ ಹೆಗಲಿಗೆ ಹಾಕ್ಕೊಂಡು ಸಂತಿಗೆ ಓಡಿ, ಆ ರೂಪಾಯಿ ಯಾವನೋ ಆಡಿನ ಯಾಪಾರಿಗೆ ಮಾರಿ, ಯಾದಗಿರಿ ದವಾಖಾನಿಗೆ ಹೋದ್ಲು. ಕೂಸು ಉಳೀತು. ಅಂದಿನಿಂದ ಅತ್ತಿ ಜಗಲಿ ಮುಂದ ಕೂತಿಲ್ಲ. ಹಬ್ಬದಾಗ ಹೋಳಿಗಿ ಮಾಡ್ತಾಳ, ಪೂಜಿಗೆ ನನ್ನ ಕಳಸ್ತಾಳ, ತಾ ಮಾತ್ರ ಕಟ್ಟಿ ಮ್ಯಾಲ ಬಾಗಲಕ್ಕ ಬೆನ್ನು ಹಾಕಿ ಕುಂದರ್ತಾಳ.

"ದೇವರನ್ನ ಮಾರಿ ಮಗನ್ನ ತಂದೀನಿ ಮಲ್ಲಿಕಮ್ಮ. ಯಾವ ಮಾರಿ ಹೊತ್ಕೊಂಡು ಒಳಗ ಬರ್ಲಿ? ಅದು ಸಿಕ್ರ ಸಾಯೋದ್ರೊಳಗ ಒಮ್ಮಿ ಜಗಲಿ ಮುಂದ ಕೂಡ್ತೀನಿ" ಅಂತಾಳ. ಈಗ ಕಣ್ಣಿಗೆ ಪೊರಿ ಬಂದದ. ಉಸುರೂ ಸಣ್ಣ ಆಗ್ಯದ.

ಮಗ ಅದಕ್ಕೇ ರೂಪಾಯಿ ಹಿಂದ ಬಿದ್ದ. ಬಿದ್ದಾಂವ ಸುಮ್ಕ ಬೀಳಬಾರ್ದಾ? ಕಿವಿ ಕೊಯ್ದ ರೂಪಾಯಿ ಬೇಕಂತ ಸಂತಿ ತುಂಬ ಡಂಗುರ ಹೊಡದ. ಮುಂದಿನ ಸಂತಿಯಿಂದ ಸುರಪುರದಾಗಿನ ರೂಪಾಯಿ ಎಲ್ಲಾ ಕಿವಿ ಕೊಯ್ಸಿಕೊಂಡು ಬರಾಕತ್ತಿದ್ವು. ಒಬ್ಬಾಕಿ ಅಂತೂ ಈಗಿನ ಹತ್ತು ರೂಪಾಯಿ ಬಿಲ್ಲಿಗೇ ಕಚ್ಚು ಹಾಕಿ ತಂದಿದ್ಲು. ಇಂವ ಎಲ್ಲಾರಿಗೂ ಸಮಾಧಾನಲೆ, "ಕಾನಸಿಲೆ ತಿಕ್ಕಿ ಹಾಕಿದ ಗುರ್ತ ಹೊಸಾದು ಹೊಳೀತದ, ಹಳೇದು ಕಪ್ಪಗ ಆಗಿರ್ತದ" ಅಂತ ತಿಳಿಸಿ ಹೇಳ್ತಿದ್ದ. ಕಳ್ಳರಿಗೆ ಪಾಠ ಹೇಳೋದು ಅಂದ್ರ ಇದಾ ನೋಡ್ರಿ.

ಹೋದ ವರ್ಷ ಯಾದಗಿರಿ ಸ್ಟೇಷನ್ ಮುಂದ ಹಳೇ ಸಾಮಾನು ಮಾರೋ ದೇವಿಂದ್ರ ಇಂವನ್ನ ಕರದು ಒಂದು ರೂಪಾಯಿ ಕೈಯಾಗ ಇಟ್ಟ. ಅಂಚಿಗೆ ಕಚ್ಚು, ಕಪ್ಪಗ ಆಗಿದ್ದು. ಬೆನ್ನಿಗೆ ತಗ್ಗು. ಮ್ಯಾಲೆಲ್ಲ ಮೈಲಾಪುರದ ಮಲ್ಲಯ್ಯನ ಅರಿಷಿಣ ಭಂಡಾರ. ನಮ್ಮ ಮಂದಿ ಕಣ್ಣಾಗ ಭಂಡಾರ ಬಿದ್ರ ಮುಗೀತು. ಭಂಡಾರ ಮೆತ್ತಿದ್ದನ್ನ ತಿಕ್ಕಬಾರ್ದು, ಕಲ್ಲಿಗೆ ಬಡೀಬಾರ್ದು, ಸುಳ್ಳಂತ ಅನ್ನಬಾರ್ದು. ಊರಿಗೆಲ್ಲ ಪರೀಕ್ಷಾ ಮಾಡಿ ಕೊಡಾಂವ ತನ್ನದನ್ನ ಹಣಿಗೆ ಒತ್ತಿಕೊಂಡು, ಎದಿ ಕಿಸೇದಾಗ ಹಾಕ್ಕೊಂಡು, ಅಳಕೊಂತ ಬಸ್ ಹತ್ತ್ಯಾನ.

ಅತ್ತಿ ಕಟ್ಟಿ ಮ್ಯಾಲೇ ಇದ್ಲು. ಆಕಿ ಅಂಗೈಯಾಗ ಇಟ್ಟ. ಆಕಿ ಬೆರಳಿಲೆ ಕಚ್ಚು ಮುಟ್ಟಿದ್ಲು, ತಗ್ಗು ಮುಟ್ಟಿದ್ಲು. ಮಾರಿ ಅರಳ್ತು. ಆಮ್ಯಾಲ ಕೈ ಮ್ಯಾಲ ಕೆಳಗ ಮಾಡಿ ತೂಗಿದ್ಲು.

"ಗಾಯ ನಮ್ದ ಅದ ತಮ್ಮಾ. ರೂಪಾಯಿ ನಮ್ದಲ್ಲ" ಅಂದ್ಲು.

ಇಂವ ಭಂಡಾರ ಒರಸಿ, ಕೆನ್ನಿ ಬಡಕೊಂಡು, ಕಲ್ಲಿನ ಮ್ಯಾಲ ಬಿಟ್ಟ. ಟಪ್ಪ್ ಅಂತು. ಅತ್ತಿ ತಿರಗಿ ಬಾಗಲಕ್ಕ ಬೆನ್ನು ಹಾಕಿದ್ಲು. ಆಗ ನನಗ ಏನು ಸಿಟ್ಟು ಬಂತಂತೀರಿ! ಮುದುಕಿ ಮಾರಿ ನೋಡಾಕ ಆಗ್ಲಿಲ್ಲ ನನಗ. ದೇವಿಂದ್ರನ ವಂಶ ಎಲ್ಲಾ ತಗದು ಬೈದೆ, ಇಂವನ್ನೂ ಬೈದೆ.

"ಕಚ್ಚು ಯಾವ ಮಬ್ಬ ಬೇಕಾದ್ರೂ ಹಾಕ್ತಾನ! ಊರೆಲ್ಲ ನೀನಾ ಸಾರಿದ್ದಿ! ಆದ್ರ ತಗ್ಗು? ತಗ್ಗಿನ ಸುದ್ದಿ ಆ ಕಳ್ಳ ದೇವಿಂದ್ರಗ ಯಾರು ಹೇಳಿದ್ರು?"

ಇಂವ ರೂಪಾಯಿ ಎತ್ತಿಕೊಂಡು ನನ್ನ ಮಾರಿ ನೋಡಿದ.

"ಯಾರೂ ಹೇಳಿಲ್ಲ" ಅಂದ. "ಅಚ್ಚಿನಾಗ ಬಂದದ. ಇದನ್ನ ಎರದಾಂವನ ಕೈಯಾಗ ನಮ್ಮ ರೂಪಾಯಿ ಇತ್ತು. ಅದು ಇನ್ನೂ ಅದ."

ಮರುದಿನ ಇಬ್ಬರೂ ಯಾದಗಿರಿಗೆ ಹೋದ್ವಿ. "ಖೋಟಾ ಅಂತ ಗೊತ್ತಾಗ್ಯದ. ಪೊಲೀಸರ ಕಡಿ ಹೋಗಂಗಿಲ್ಲ. ಅಚ್ಚು ಯಾವುದರಿಂದ ತಗದಿ, ಅಷ್ಟು ಹೇಳು" ಅಂದ ಇಂವ. ಬೈಲಿಲ್ಲ. ಬೈಯೋದು ನಾ ನೋಡಿಕೊಂಡೆ. ದೇವಿಂದ್ರ ಬಾಯಿ ಬಿಟ್ಟ. ಶಹಾಪುರದ ಮುನ್ನಿಬೀ ಅನ್ನೋ ಮುದುಕಿ ಕೊಳ್ಳಾಗ ಕಚ್ಚು ಇದ್ದ ರೂಪಾಯಿ ನೋಡಿ ಕೇಳಿದ್ನಂತ. ಆಕಿ ಮಾರಂಗಿಲ್ಲ ಅಂದ್ಲಂತ. ತೊಳದು ಹೊಳಪು ಮಾಡಿ ಕೊಡ್ತೀನಂತ ಇಸ್ಕೊಂಡು, ಅಚ್ಚು ತಗದು, ವಾಪಸ್ ಕೊಟ್ಟಿದ್ನಂತ.

ಶಹಾಪುರದಾಗ ಮುನ್ನಿಬೀ ಮನಿ ಅಂಗಳದ ತುಂಬ ಆಡು ಇದ್ವು. ಮುದುಕಿ ಕೊಳ್ಳಾಗ ಕರೀ ದಾರ, ದಾರದಾಗ ರೂಪಾಯಿ. ನಾ ಜಗಳಕ್ಕ ಸೆರಗು ಬಿಗದಾ ಹೋಗಿದ್ದೆ. ನಮ್ಮ ಕಥಿ ಕೇಳಿ ಆಕಿ ದಾರ ಬಿಚ್ಚಿ ಇಂವನ ಕೈಯಾಗ ಕೊಟ್ಲು. ಇಂವ ಆಕಿ ಅಪ್ಪಣಿ ಕೇಳಿ ಕಲ್ಲಿನ ಹೊಸ್ತಿಲ ಮ್ಯಾಲ ಬಿಟ್ಟ. ಟಣ್ಣ್ ಅಂತ ಎದ್ದು ದನಿ ಅಂಗಳಕ್ಕೆಲ್ಲ ಹೋತು. ಆಡು ತಿರಗಿ ನೋಡಿದ್ವು.

"ಯಮ್ಮಾ, ಏನ್ ಕೇಳ್ತಿ ಕೇಳು, ಕೊಡ್ತೀನಿ" ಅಂದ.

"ಮಾರಂಗಿಲ್ಲ ಬೇಟಾ" ಅಂದ್ಲು ಆಕಿ. "ನಮ್ಮ ಮನಿಯವ್ರು ತಂದ ದಿನಾನ ಹೇಳಿದ್ರು. ಮಾರಿದಾಕಿ ಭಾಳ ಅಳಾಕತ್ತಿದ್ಲಂತ. ಇದನ್ನ ಸುಮ್ಕ ಕುಂದರಸಬ್ಯಾಡ್ರಿ, ಮರಿ ಹುಟ್ಟಿದ್ರ ಹಣಿಗೆ ಮುಟ್ಟಸ್ರಿ ಅಂದಿದ್ಲಂತ. ಅವ್ರು ನನ್ನ ಕಡಿಂದ ವಚನಾ ತಗೊಂಡ್ರು. ಅವ್ರು ಹೋದ್ರು, ವಚನಾ ಉಳದದ. ಈ ಅಂಗಳದಾಗ ಇದನ್ನ ಮುಟ್ಟಿಸಿಕೊಳ್ಳದ ಒಂದು ಮರೀನೂ ಮೊಲಿ ಉಂಡಿಲ್ಲ."

ನಾ ಜಗಳಕ್ಕ ಬಿಗದಿದ್ದ ಸೆರಗು ಬಿಚ್ಚಿ ತಲಿ ಮ್ಯಾಲ ಹೊತ್ಕೊಂಡೆ. ಇಂವ ರೂಪಾಯಿ ಹಣಿಗೆ ಮುಟ್ಟಿಸಿಕೊಂಡು, ದಾರ ಮುದುಕಿ ಕೊಳ್ಳಿಗೆ ತಾನಾ ಕಟ್ಟಿದ. ಚಾ ಕುಡದು ಬಸ್ ಹತ್ತಿದ್ವಿ.

ನಮ್ಮ ಹೆಜ್ಜಿ ಸಪ್ಪಳ ಕೇಳಿ ಅತ್ತಿ, "ತಂದ್ರ್ಯಾ?" ಅಂದ್ಲು.

"ಇಲ್ಲವ್ವಾ" ಅಂದ ಮಗ. ಎಲ್ಲಾ ಹೇಳಿದ.

ಅತ್ತಿ ಮಗನ ಕಡಿ ತಿರಗಿ ಕುಂತಳು. ಆಮ್ಯಾಲ ಕೇಳಿದ್ಲು, "ಹಣಿಗೇ ಮುಟ್ಟಸ್ತಾಳ?"

"ಹಣಿಗೇ."

"ಮೊಲಿಗೆ ಬಿಡೋಕಿಂತ ಮದಲಾ?"

"ಮದಲಾ, ಯವ್ವಾ."

"ಹಂಗಾರ ಅದನ್ನ ಕರೀಬ್ಯಾಡ್ರಿ. ದುಡಿಯಾಕತ್ತದ" ಅಂದ್ಲು. ನನಗ ನೀರು ಕೇಳಿದ್ಲು. ಕೈಕಾಲು ಮಾರಿ ತೊಳಕೊಂಡು, ಗ್ವಾಡಿ ಹಿಡಕೊಂಡು ಒಳಗ ಬಂದು, ಜಗಲಿ ಮುಂದ ಕುಂತಳು.

ಹೊರಗ ನಮ್ಮ ಮನಿಯಾಂವ ಖೋಟಾ ರೂಪಾಯಿ ಕತ್ರಿಲೆ ಕತ್ತರಿಸಾಕತ್ತಿದ್ದ. ಒಳಗ ಅತ್ತಿ ದೇವರ ನಡುವಿನ ಖಾಲಿ ಜಾಗ ಕೈಲೆ ಹುಡುಕಿ, ಅಲ್ಲಿ ಹೂ ಇಟ್ಟಳು. ನಾ ದೀಪ ಹಚ್ಚಿ ಆಕಿ ಬಾಜೂಕ ಕುಂತೆ.