ನಿಲೋಫರ ಹಿಂದೆ ನೋಡಲಿಲ್ಲ

ಗಜೇಂದ್ರಗಡದ ನನ್ನ ಕಡಲೆ ಅಂಗಡಿಗೆ ಬರುವ ಗಿರಾಕಿಗಳಲ್ಲಿ ನಾನು ಹೆದರುವುದು ಒಂದಕ್ಕೇ, ಲಾಡಸಾಬನ ಬಿಳಿ ಹೆಣ್ಣುಗುದುರೆಗೆ. ಚೀಲ ಮೂಸಿ, ಮನಸ್ಸಿಗೆ ಬಾರದಿದ್ದರೆ ಮುಖ ತಿರುವುತ್ತದೆ. ಮನುಷ್ಯರಿಗಾದರೆ ನಾಲ್ಕು ಮಾತಾಡಿ ಅದೇ ಕಡಲೆ ಕೊಟ್ಟು ಕಳಿಸುತ್ತೇನೆ. ಇದಕ್ಕೆ ಮಾತು ನಾಟುವುದಿಲ್ಲ.

ಲಾಡಸಾಬ ಮೊದಲು ಟಾಂಗಾ ಹೊಡೆಯುತ್ತಿದ್ದ. ಆಟೊಗಳು ಬಂದ ಮೇಲೆ ಟಾಂಗಾ ಮಾರಿದ, ಕುದುರೆ ಸಾಕುವುದನ್ನು ಬಿಡಲಿಲ್ಲ. ಮದುವೆ ಮೆರವಣಿಗೆಗೆ ಒಯ್ಯತೊಡಗಿದ. ರೋಣದಿಂದ ನರಗುಂದದವರೆಗೆ ತನ್ನ ಕುದುರೆ ಏರದವನಿಗೆ ಮದುವೆಯೇ ಆಗಿಲ್ಲ ಎಂಬಂತೆ ಮಾತಾಡುತ್ತಾನೆ. ಹಗ್ಗವನ್ನು ಸಡಿಲವಾಗಿ ಹೆಗಲ ಮೇಲೆ ಹಾಕಿಕೊಂಡು ಮುಂದೆ ನಡೆಯುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಕುದುರೆಗೆ ಅವಮಾನವಂತೆ. ಊಟಕ್ಕೆ ಬಂದವರ ಮುಂದೆ ತಾಟು ಎಣಿಸುತ್ತೀರೇನು ಎಂದು ನನ್ನನ್ನೇ ಕೇಳಿದ್ದ.

ಈಗ ಅವನ ಮೊಣಕಾಲು ಹೋಗಿದೆ. ಕುದುರೆಯನ್ನು ಮಗಳು ನಿಲೋಫರಳಿಗೆ ಒಪ್ಪಿಸಬೇಕಾಯಿತು. ಬಯಲಲ್ಲಿ ಅದು ಅವಳ ಹಿಂದೆ ಚೆಂದವಾಗಿಯೇ ನಡೆಯುತ್ತದೆ. ಆದರೆ ಬಾಜಾ, ಪಟಾಕಿ, ಕುಣಿಯುವ ಮಂದಿಯ ನಡುವೆ ಅವಳನ್ನು ಮುಂದಾಳು ಎಂದು ಒಪ್ಪೀತೇ? ಒಮ್ಮೆ ಮದುಮಗನ ಸಮೇತ ಹಟ ಹಿಡಿದು ನಿಂತರೆ ಸುದ್ದಿ ಅವಳಿಗಿಂತ ಮೊದಲು ಊರು ಮುಟ್ಟುತ್ತದೆ. ಮತ್ತೆ ಯಾರೂ ಅವಳನ್ನು ಕರೆಯುವುದಿಲ್ಲ. ಈ ಪರೀಕ್ಷೆಗೆ ಅಪ್ಪ, ಮಗಳು ಆರಿಸಿಕೊಂಡದ್ದು ನರೇಗಲ್ಲಿನಲ್ಲಿ ನಡೆದ ನನ್ನ ಅಣ್ಣನ ಮಗ ಅನಿಲಕುಮಾರನ ಮದುವೆಯನ್ನು. ಹೋದರೆ ಪರಿಚಯದವರ ಮಾನ ಹೋಗಲಿ ಎಂದಿರಬೇಕು.

ನಮ್ಮಲ್ಲಿ ಕುದುರೆಯ ಹಗ್ಗ ಹಿಡಿಯುವ ಮಾನ ಸೋದರಮಾವನದು. ಲಾಡಸಾಬ ಮುಂದಿದ್ದಾಗ ಮಾವಂದಿರು ತುದಿ ಮುಟ್ಟಿ ಶಾಸ್ತ್ರ ಮುಗಿಸುತ್ತಿದ್ದರು. ಹುಡುಗಿಯನ್ನು ನೋಡಿ ಅನಿಲನ ಮಾವ, ಮೆಣಸಗಿಯ ಮುತ್ತಣ್ಣನಿಗೆ ಹುರುಪು ಬಂತು. ಎತ್ತು ಹೂಡಿದ ಕೈ. ಹಗ್ಗವನ್ನು ಪೂರಾ ಇಸಿದುಕೊಂಡು, ಹಿಂದಕ್ಕೆ ತಿರುಗಿ, ಕುದುರೆಯ ಕಣ್ಣಲ್ಲಿ ಕಣ್ಣಿಟ್ಟು ಜಗ್ಗಿದ. ಎತ್ತಾಗಿದ್ದರೆ ಬರುತ್ತಿತ್ತೇನೋ. ಕುದುರೆ ಬಜಾರದ ನಡುವೆ ಕಾಲೂರಿ ನಿಂತಿತು. ಮತ್ತೆ ಜಗ್ಗಿದಾಗ ತಲೆ ಎತ್ತಿ ಹಿಂದೆ ಸರಿಯಿತು. ಮೇಲಿದ್ದ ಅನಿಲ ಬಾಸಿಂಗ ಬಿಟ್ಟು ಜೀನು ಹಿಡಿದುಕೊಂಡ.

ಎಲ್ಲರೂ ಕಟ್ಟೆಯ ಮೇಲೆ ಕುಳಿತಿದ್ದ ಲಾಡಸಾಬನತ್ತ ನೋಡಿದರು. ಕುದುರೆಯೂ ನೋಡಿತು.

"ಏಳಪಾ ಲಾಡಸಾಬ, ಅದು ನಿನ್ನ ಮಾತ ಅಷ್ಟ ಕೇಳತೈತಿ," ಎಂದ ಅಣ್ಣ ಈಶಪ್ಪ.

"ಇವತ್ತ ಕುದುರಿ ಆಕೀದ್ರಿ," ಎಂದ ಲಾಡಸಾಬ, ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟ. ಕುದುರೆಗೆ ನೋಡಲು ಈಗ ಉಳಿದವಳು ನಿಲೋಫರ ಒಬ್ಬಳೇ.

ಅವಳು ಬಾಜಾ ನಿಲ್ಲಿಸಿದಳು. ಹಗ್ಗವನ್ನು ಮಾತ್ರ ಮುತ್ತಣ್ಣನಿಂದ ಮರಳಿ ಕೇಳಲಿಲ್ಲ.

"ನಿಮ್ಮ ಕೈಯಾಗ ಇರ್ಲಿ ಕಾಕಾ, ಸಡ್ಲ ಬಿಡ್ರಿ. ಆಕಿ ಕಡೆ ನೋಡಬ್ಯಾಡ್ರಿ."

"ನೋಡಲಾರ್ದ ಬರಾಕತ್ತೈತೋ ಇಲ್ಲೋ ಹ್ಯಾಂಗ ತಿಳೀಬೇಕು?"

"ಸಪ್ಪಳ ಬರ್ತೈತ್ರಿ."

ಕುದುರೆಯ ಎದೆಗೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು. ಅದು ಒಂದು ಹೆಜ್ಜೆ ಹಿಂದೆ ಹೋಯಿತು. ಕಿವಿ ಅವಳತ್ತ ತಿರುಗಿ, ತಲೆ ಇಳಿಯುವವರೆಗೆ ಕಾದಳು. ಆಮೇಲೆ ಬೆನ್ನು ತಿರುಗಿಸಿ ನಡೆದಳು. ಪಕ್ಕದಲ್ಲಿ ಮುತ್ತಣ್ಣ, ಕತ್ತು ಸೆಟೆಸಿಕೊಂಡು. ಮೊದಲು ಇಬ್ಬರ ಚಪ್ಪಲಿಯ ಸದ್ದಷ್ಟೇ ಕೇಳಿಸಿತು. ಆಮೇಲೆ ಲಾಳದ ಸದ್ದು, ಟಕ್ ಎಂದು ಒಂದು, ಅದರ ಬೆನ್ನಿಗೇ ಇನ್ನೊಂದು. ಅದನ್ನು ಕೇಳಿದ ಲಾಡಸಾಬ ಗೋಡೆಯತ್ತ ಮುಖ ಮಾಡಿಯೇ ಬೀಡಿ ಹಚ್ಚಿದ.

ಹಂದರ ಮುಟ್ಟಿದ ಮೇಲೆ ಮುತ್ತಣ್ಣ ಬೀಗರಿಗೆಲ್ಲ ಹಿಂದೆ ನೋಡದೆ ಕುದುರೆ ತರುವ ಬಗೆಯನ್ನು ವಿವರಿಸಿದ. ನಿಲೋಫರ ತಲೆಯಾಡಿಸುತ್ತ ಕೇಳಿದಳು. ಹಾಗೆ ಕೇಳುವಾಗಲೇ ಊಟಕ್ಕೆ ಬಂದಿದ್ದ ಇಟಗಿಯವರೊಬ್ಬರು ತಮ್ಮ ಮನೆಯ ಮದುವೆಗೂ ಅವಳೇ ಬರಬೇಕೆಂದು ಹೇಳಿಟ್ಟರು.

ಆ ವಾರವೇ ಮೂವರೂ ಅಂಗಡಿಗೆ ಬಂದರು. ಮುಂದೆ ನಿಲೋಫರ, ನಡುವೆ ಕುದುರೆ, ಹಿಂದೆ ಕುಂಟುತ್ತ ಲಾಡಸಾಬ. ಕುದುರೆ ಚೀಲ ಮೂಸಿ ಮೂಗಿನಿಂದ ಉಸಿರು ಬಿಟ್ಟಿತು.

"ಒಲ್ಲೆ ಅಂದ್ಳಲ್ರಿ, ಬ್ಯಾರೆ ಚೀಲ ಬಿಚ್ರಿ," ಎಂದಳು ನಿಲೋಫರ. ಅವಳು ಕುದುರೆಗೆ ಬೆನ್ನು ಹಾಕಿಯೇ ನಿಂತಿದ್ದಳು.

ನಾನು ಹಳೆಯ ಸಲಿಗೆಯಿಂದ ಲಾಡಸಾಬನ ಮುಖ ನೋಡಿದೆ.

"ನನ್ನ ಯಾಕ ನೋಡ್ತೀರಿ ಸಾವಕಾರ್ರ? ಮುಂದ ನಿಂತಾಕೀನ ಕೇಳ್ರಿ," ಎಂದ, ಎದೆ ಉಬ್ಬಿಸಿ.

ಒಳಗಿನ ಚೀಲ ಬಿಚ್ಚಿದೆ.