ಪಾತ್ರೆ ಕುಡಿದ ಶಾಖ

ಪಾಂಡವಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪಿಯುಸಿ ಮಕ್ಕಳಿಗೆ ನಾನು ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತೇನೆ. ಹೋದ ವರ್ಷ ಮಳೆಗಾಲದಲ್ಲಿ ಜ್ವರ ಬಂದು ವಾರವಿಡೀ ಮಲಗಿಬಿಟ್ಟೆ. "ಮಕ್ಕಳನ್ನ ಯಾಕೆ ವಾಪಸ್ ಕಳಿಸ್ತೀರಿ? ನಾನೇ ಹೇಳ್ಕೊಡ್ತೀನಿ ಬುಡಿ" ಅಂದಳು ನನ್ನ ಹೆಂಡತಿ. ಕೆ.ಆರ್. ಪೇಟೆ ಕಡೆಯವಳು, ಬಿಎಸ್ಸಿ ಮುಗಿಸಿದ ಮೇಲೆ ಪುಸ್ತಕ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಏನೋ ಹೊತ್ತು ಕಳೆಯಲಿ ಅಂತ ಒಪ್ಪಿದೆ.

ಒಳಗೆ ಕಂಬಳಿ ಹೊದ್ದು ಮಲಗಿದ್ದವನಿಗೆ ಎಲ್ಲ ಕೇಳುತ್ತಿತ್ತು. ಅವತ್ತಿನ ಪಾಠ ಸ್ಪೆಸಿಫಿಕ್ ಹೀಟ್, ಅಂದರೆ ಒಂದೊಂದು ವಸ್ತು ಬಿಸಿಯಾಗಲು ಎಷ್ಟೆಷ್ಟು ಶಾಖ ಬೇಕು ಅನ್ನೋದು. ನಾನಾಗಿದ್ದರೆ ಬೋರ್ಡಿನ ಮೇಲೆ ಸೂತ್ರ ಬರೆದು, ತೂಕ, ಸ್ಪೆಸಿಫಿಕ್ ಹೀಟ್, ತಾಪಮಾನದ ವ್ಯತ್ಯಾಸ ಮೂರನ್ನೂ ಗುಣಿಸಿ ಅಂತ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಅವಳು ಸೂತ್ರದ ಸುದ್ದಿಗೇ ಹೋಗಲಿಲ್ಲ.

"ಕುದಿಯೋ ನೀರಿನಷ್ಟು ಬಿಸಿ ಇರೋ ಕಬ್ಬಿಣದ ತುಂಡನ್ನ ಅಷ್ಟೇ ತೂಕದ ತಣ್ಣೀರಿಗೆ ಹಾಕಿದ್ರೆ ಕೊನೆಗೆ ಎಷ್ಟು ಬಿಸಿ ಆಗ್ತದೆ? ಪೆನ್ನು ಕೆಳಗಿಡಿ, ಅಂದಾಜು ಹೇಳಿ."

"ಅರ್ಧಕ್ಕರ್ಧ ಮೇಡಂ" ಅಂದರು ಮಕ್ಕಳು.

"ಅಂಗಾದ್ರೆ ಒಲೆ ಮೇಲೆ ಕಾವಲಿ ಇಟ್ರೆ ಚಣದಲ್ಲಿ ಸುಡ್ತದೆ. ಅಷ್ಟೇ ತೂಕದ ನೀರಿಟ್ರೆ ಯಾಕೆ ಕಾಯ್ಕೊಂಡು ನಿಂತ್ಕೋಬೇಕು?"

ಚಿನಕುರಳಿಯಿಂದ ಬಸ್ಸಲ್ಲಿ ಬರುವ ಹುಡುಗಿ, ನನ್ನ ಕ್ಲಾಸಲ್ಲಿ ಬಾಯೇ ಬಿಡದವಳು, "ನೀರು ಜಗ್ಗಲ್ಲ ಮೇಡಂ! ಉತ್ತರ ತಣ್ಣೀರಿನ ಹತ್ರಾನೇ ಇರ್ತದೆ" ಅಂದಳು. ಲೆಕ್ಕ ಮಾಡಿದರೆ ಹಾಗೇ ಬಂತಂತೆ. ಕೋಣೆ ತುಂಬ ಚಪ್ಪಾಳೆ. ನಾನು ಕಂಬಳಿಯನ್ನು ತಲೆ ಮೇಲೆ ಎಳೆದುಕೊಂಡೆ.

ನಾನು ಎದ್ದು ಕ್ಲಾಸಿಗೆ ಬಂದ ದಿನ "ಮೇಡಂ ಬರಲ್ವಾ ಸಾರ್?" ಅಂತ ಕೇಳಿದರು.

"ಯಾಕ್ಬರಲ್ಲ, ಕರೀತೀನಿ" ಅಂದೆ. ಅಷ್ಟರಲ್ಲಾಗಲೇ ಒಂದು ಲೆಕ್ಕ ಬೋರ್ಡಿನ ಮೇಲೆ ಬರೆದಿದ್ದೆ: ಹಿತ್ತಾಳೆ ಪಾತ್ರೆಯಲ್ಲಿ ನೀರು, ಅದರೊಳಕ್ಕೆ ಕಾದ ತಾಮ್ರದ ತುಂಡು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದವಳು ಸರಸರ ಬಿಡಿಸಿ ಉತ್ತರ ಬರೆದಳು.

"ತಪ್ಪು" ಅಂದೆ. ನನ್ನ ದನಿಯಲ್ಲಿದ್ದ ಖುಷಿ ನನಗೇ ಕೇಳಿಸಿತು. "ಪಾತ್ರೆ ಬಿಸಿಯಾಗಕ್ಕೆ ಶಾಖ ಬೇಡ್ವಾ? ಅದನ್ಯಾರು ಲೆಕ್ಕಕ್ಕೆ ಹಿಡೀತಾರೆ?"

ಅವಳು ಬೋರ್ಡು ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಪಾತ್ರೇನೇ ಮರ್ತ್ಬುಟ್ನಲ್ಲಪ್ಪ! ದಿನಾ ಬೆಳಗ್ಗೆ ಅದನ್ನೇ ಉಜ್ಜೋಳು ನಾನು!"

ಮಕ್ಕಳು ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ಚಿನಕುರಳಿಯ ಹುಡುಗಿ ಎದ್ದು ಬಂದು, ಅವಳ ಕೈಯಿಂದ ಚಾಕ್‌ಪೀಸು ಇಸಕೊಂಡು, ಪಾತ್ರೆ ಕುಡಿದ ಶಾಖವನ್ನೂ ಸೇರಿಸಿ ಲೆಕ್ಕ ಮುಗಿಸಿದಳು. ಸರಿ ಹೇಳಿದವನು ನಾನು. ನನ್ನ ಕಡೆ ಒಬ್ಬರೂ ನೋಡಲಿಲ್ಲ.

ಊಟಕ್ಕೆ ಕೂತಾಗ ಸಾರು ಬಡಿಸುತ್ತಾ, "ಬೇಕೂಂತ್ಲೇ ಕೊಟ್ರಲ್ವಾ ಆ ಲೆಕ್ಕಾನ?" ಅಂದಳು.

ನಾನು ಮುದ್ದೆ ಮುರಿದು ಸಾರಿಗೆ ಅದ್ದಿದೆ.

"ಹೊಟ್ಟೆಕಿಚ್ಚಾ?"

"ಊಂ."

ಈ ಸಲ ಅವಳು ನಗಲಿಲ್ಲ. "ಅಂಗಾದ್ರೆ ಶಾಖದ ಪಾಠ ನಂಗೆ ಬುಟ್ಬುಡಿ. ಮಿಕ್ಕಿದ್ದೆಲ್ಲ ನಿಮ್ದೇ."

ಬಿಟ್ಟೆ. ಈ ವರ್ಷವೂ ಆ ಪಾಠ ಅವಳದೇ. ಅವರಿವರ ಬಾಯಲ್ಲಿ ಕೇಳಿ ಶ್ರೀರಂಗಪಟ್ಟಣದಿಂದಲೂ ನಾಲ್ಕಾರು ಮಕ್ಕಳು ಬರುತ್ತಿದ್ದಾರೆ. ಆ ದಿನಗಳಲ್ಲಿ ನಾನು ತರಕಾರಿ ತರುವ ನೆಪದಲ್ಲಿ ಪೇಟೆ ಸುತ್ತುತ್ತೇನೆ. ಮೊನ್ನೆ ಸಂಜೆ ಬೇಗ ವಾಪಸ್ಸಾಗಿ ಜಗಲಿ ಮೇಲೆ ಕೂತಿದ್ದೆ. ಐಸು ಕರಗುವಾಗ ಶಾಖ ಕೊಟ್ಟರೂ ತಾಪಮಾನ ಯಾಕೆ ಏರಲ್ಲ ಅಂತ ಒಳಗೆ ಯಾರೋ ಕೇಳಿದರು. ಏನು ಹೇಳ್ತಾಳೋ ನೋಡೋಣ ಅಂತ ಕಿವಿಗೊಟ್ಟೆ. ನನಗಿಂತ ಚೆನ್ನಾಗಿಯೇ ಹೇಳಿದಳು. ತರಕಾರಿ ಚೀಲ ಅಲ್ಲೇ ಇಟ್ಟು, ಅವಳ ಪಾಠ ಮುಗಿಯುವ ತನಕ ಇನ್ನೊಂದು ಸುತ್ತು ಹೋಗಿಬರೋಣವೆಂದು ಚಪ್ಪಲಿ ಮೆಟ್ಟಿಕೊಂಡೆ.