ಇಂಜಿನ್ ಪಕ್ಕದ ಸೀಟಿನ ಅಕ್ಕ

ಅಕ್ಕನ ಬಲಗೆನ್ನೆಯಲ್ಲಿ, ಕಿವಿಯ ಸ್ವಲ್ಪ ಕೆಳಗೆ, ಯಾವಾಗಲೂ ಒಂದು ಕೆಂಪು ಕಲೆ ಇರುತ್ತಿತ್ತು. ಮೊದಲ ಸಲ ನೋಡಿದಾಗ ಮಚ್ಚೆ ಇರಬೇಕು ಅಂದುಕೊಂಡಿದ್ದೆ. ಮಚ್ಚೆಯಲ್ಲ, ಫೋನಿನ ಬಿಸಿ. ನಾವು ಮಾಡುತ್ತಿದ್ದ ಗೇಮನ್ನು ಒಂದಷ್ಟು ಹೊತ್ತು ಆಡಿ, ಫೋನನ್ನು ಮಗುಚಿ, ಅದರ ಬೆನ್ನನ್ನು ಕೆನ್ನೆಗೆ ಒತ್ತಿ ಹಿಡಿಯುವುದು ಅವರ ಪದ್ಧತಿ. ಬಿಸಿ ಅಳೆಯುವ ತಂತ್ರಾಂಶ ನಮ್ಮಲ್ಲಿ ಇಲ್ಲದೆ ಇರಲಿಲ್ಲ. ಅದು ಎಲ್ಲ ಸರಿ ಎಂದ ಮೇಲೂ ಕೆನ್ನೆ ಒಪ್ಪಬೇಕಿತ್ತು. "ಇದಕ್ಕೆ ಜ್ವರ ಉಂಟು ಮಾರಾಯ್ತಿ" ಎಂದು ಅವರು ಹೇಳಿದರೆ ನನ್ನ ಒಂದು ವಾರದ ಕೆಲಸ ನೀರುಪಾಲಾಯಿತು ಎಂದೇ ಅರ್ಥ.

ಅವರು ನನ್ನ ಒಡಹುಟ್ಟಿದ ಅಕ್ಕನಲ್ಲ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು ಅದನ್ನು ಬಿಟ್ಟು, ಉಜಿರೆಯ ಬಸ್ ಸ್ಟಾಪಿನ ಎದುರು ಮಹಡಿಯ ಮೇಲೆ ಎರಡು ಕೋಣೆ ಹಿಡಿದು ಮೊಬೈಲ್ ಗೇಮ್ ಮಾಡಲು ಕೂತಿದ್ದರು. ನಾನು ಮೂಡುಬಿದಿರೆಯಿಂದ ಹೋಗಿ ಅಲ್ಲಿ ಚಿತ್ರ ಬರೆಯುವ ಕೆಲಸಕ್ಕೆ ಸೇರಿದೆ. ನಮ್ಮ ಗೇಮು ಚಾರ್ಮಾಡಿ ಘಾಟಿ ಹತ್ತುವ ಒಂದು ಬಸ್ಸಿನದು. ಆಡುವವರೇ ಅದರ ಕಂಡಕ್ಟರ್, ಅದೂ ಹೆಂಗಸು. ಸೀಟು ಹೊಂದಿಸಬೇಕು, ವಾಂತಿ ಬರುವವರನ್ನು ಕಿಟಕಿಯ ಬದಿಗೆ ದಾಟಿಸಬೇಕು, ಚಿಲ್ಲರೆ ಇಲ್ಲದವರ ಜೊತೆ ಜಗಳವಾಡಬೇಕು, ಹಿಂದಿನಿಂದ ಹಾರ್ನ್ ಹೊಡೆಯುವ ಬಸ್ಸಿಗಿಂತ ಮೊದಲು ಮುಂದಿನ ಸ್ಟಾಪ್ ಮುಟ್ಟಬೇಕು.

ಪರೀಕ್ಷೆ ನಡೆಯುತ್ತಿದ್ದದ್ದು ಆಫೀಸಿನಲ್ಲಲ್ಲ. ಅಕ್ಕನ ಊರು ಕಕ್ಕಿಂಜೆಗೆ ಹೋಗುವ ಬಸ್ಸಿನಲ್ಲಿ, ಡ್ರೈವರಿನ ಮಗ್ಗುಲಲ್ಲಿ, ಇಂಜಿನ್ನಿಗೆ ತಾಗಿದ ಉದ್ದ ಸೀಟಿನಲ್ಲಿ. ಬೇಸಗೆಯ ಮಧ್ಯಾಹ್ನ ಅಲ್ಲಿ ಕೂತವರಿಗೆ ಕಾಲು ಬೇಯುತ್ತದೆ. "ಫ್ಯಾನಿನ ಅಡಿಯಲ್ಲಿ ಕೂತು ಓಡಿದ್ದು ಒಂದು ಓಟವಾ? ಇಲ್ಲಿ ಓಡ್ಲಿ, ನೋಡುವ" ಎನ್ನುತ್ತಿದ್ದರು. ಅದೂ ನಮ್ಮ ಫೋನಿನಲ್ಲಲ್ಲ. ಪಕ್ಕದಲ್ಲಿ ಕೂತ ಹೆಂಗಸನ್ನು ಮಾತಿಗೆಳೆದು, ಅವಳ ಫೋನಿಗೇ ಗೇಮನ್ನು ಹಾಕಿಸುತ್ತಿದ್ದರು.

ಯಾಕೆ ಹೆಂಗಸೇ ಆಗಬೇಕು ಎಂದು ಕೇಳಿದ್ದೆ. "ಮನೆಗೆ ಹೊಸ ಫೋನ್ ಬಂದ್ರೆ ಮಗನಿಗೆ. ಮಗನ ಹಳೆಯದು ಅಪ್ಪನಿಗೆ. ಅಪ್ಪನ ಕೈಯಲ್ಲಿ ಗಾಜು ಒಡೆದ ಮೇಲೆ ಅಮ್ಮನಿಗೆ. ಊರಿನ ಅತ್ಯಂತ ಬಡ ಫೋನ್ ಬೇಕಾದ್ರೆ ಹೆಂಗಸಿನ ಚೀಲ ನೋಡ್ಬೇಕು," ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಆ ಬಡ ಫೋನಿಗಾಗಿ ನನ್ನ ಚಿತ್ರಗಳಿಗೆ ಅವರು ಹಾಕಿದ ಕತ್ತರಿ ಒಂದೆರಡಲ್ಲ. "ಈ ಮರಕ್ಕೆ ಇಷ್ಟು ಎಲೆ ಯಾರಿಗೆ? ಬಸ್ಸಲ್ಲಿ ಹೋಗುವಾಗ ನೀನು ಎಲೆ ಎಣಿಸ್ತೀಯಾ?" ಎಂದು ಕೇಳಿ ಕಾಡಿಗೆ ಕಾಡನ್ನೇ ಬೋಳಿಸಿದರು. ಕಿಟಕಿಯಿಂದ ಕಾಣದ ಗುಡ್ಡದ ಆಚೆ ಮಗ್ಗುಲು ನಮ್ಮ ಗೇಮಿನಲ್ಲಿ ಇರಲೇ ಇಲ್ಲ. ಹತ್ತನೆಯ ಪ್ರಯಾಣಿಕನಿಗೂ ಮೂರನೆಯವನಿಗೂ ಒಂದೇ ಮುಖ, ಅಂಗಿ ಮಾತ್ರ ಬೇರೆ. ಅಷ್ಟಾದರೂ ಘಾಟಿಯ ತಿರುವಿನಲ್ಲಿ ಕಣಿವೆ ಕಂಡ ಕೂಡಲೇ ಫೋನು ತಡವರಿಸುತ್ತಿತ್ತು. ಆಗ ಅಕ್ಕ ಕಣಿವೆಗೆ ಮಂಜು ತುಂಬಿಸಿದರು. ಮಂಜಿನ ಹಿಂದೆ ಏನನ್ನೂ ಬರೆಯಬೇಕಾಗಿಲ್ಲ, ಫೋನಿಗೆ ಹೊರೆಯೂ ಇಲ್ಲ. ಮುಂಡಾಜೆಯಲ್ಲಿ ಹತ್ತಿದ, ಬೀಡಿಯ ಚೀಲ ಮಡಿಲಲ್ಲಿಟ್ಟುಕೊಂಡ ಒಬ್ಬ ಹೆಂಗಸು ಆ ತಿರುವನ್ನು ಆಡಿ ನೋಡಿ, "ಅಯ್ಯೋ, ನಮ್ಮ ಘಾಟಿಯೇ ಇದು. ಹೀಗೆಯೇ ಎಂತದೂ ಕಾಣುವುದಿಲ್ಲ" ಎಂದಳು. ಅಕ್ಕ ಅವಳ ಫೋನು ಇಸಿದುಕೊಂಡು ಕೆನ್ನೆಗೆ ಒತ್ತಿಕೊಂಡರು. ಜ್ವರ ಇರಲಿಲ್ಲ. ಅವತ್ತು ಕಕ್ಕಿಂಜೆಯಲ್ಲಿ ಇಳಿದು ನನಗೆ ಎರಡು ಗೋಳಿಬಜೆ ಹೆಚ್ಚು ತಿನ್ನಿಸಿದರು.

ಗೇಮು ಹಬ್ಬಿತು. ಹಾಸ್ಟೆಲಿನ ಅಡುಗೆಯವರು, ಕಟ್ಟಿದ ಬೀಡಿ ಕೊಡಲು ಬ್ರಾಂಚಿನಲ್ಲಿ ಸರದಿ ಕಾಯುವವರು, ಮಗುವನ್ನು ಟ್ಯೂಷನ್ನಿಗೆ ಬಿಟ್ಟು ಹೊರಗೆ ಕೂತವರು ಆಡಿದರು. ಆಗ ಬಂದವರೊಬ್ಬರು ನಮ್ಮ ಪಾಲುದಾರರಾದರು. ಗಲ್ಫಿನಲ್ಲಿದ್ದು ಬಂದು ಬಂಟ್ವಾಳದಲ್ಲಿ ಹೋಟೆಲು ಇಟ್ಟವರು, ಗೇಮಿಗೆ ಬಂಡವಾಳ ಹಾಕಿದವರು. ಅವರ ಕೈಯಲ್ಲಿ ಆ ವರ್ಷವೇ ಬಂದ ಹೊಸ ಫೋನು. "ಅಕ್ಕ, ಈಗಿನ ಫೋನಿಗೆ ಎಂತ ಶಕ್ತಿ ಉಂಟು ಗೊತ್ತುಂಟಾ? ಈ ಮಂಜು ತೆಗೆಯುವ. ಇಡೀ ಕಣಿವೆ ಕಾಣ್ಬೇಕು, ಎಲೆ ಎಲೆ ಕಾಣ್ಬೇಕು," ಎಂದರು.

ಈ ಮಾತನ್ನು ನಾನು ಆಮೇಲೆ ಎಷ್ಟು ಬಾಯಲ್ಲಿ ಕೇಳಿಲ್ಲ. ಫೋನು ಮಾಡುವವರು ವರ್ಷಕ್ಕೊಮ್ಮೆ ಶಕ್ತಿ ಹೆಚ್ಚಿಸುತ್ತಾರೆ, ಗೇಮ್ ಮಾಡುವವರು ಅಷ್ಟನ್ನೂ ತಿಂದು ತೇಗುತ್ತಾರೆ, ಆಡುವವನಿಗೆ ಸಿಗುವುದು ಅದೇ ತಡವರಿಸುವ ಆಟ. ಚೊಕ್ಕವಾಗಿ ಮಾಡುವ ಕಷ್ಟ ಯಾರಿಗೂ ಬೇಡ. ಹೊಸ ಫೋನ್ ತಗೊಳ್ಳಿ ಎಂದರೆ ಮುಗಿಯಿತು. ನನಗೆ ಈಗಲೂ ಮೈ ಉರಿಯುತ್ತದೆ.

ಅಕ್ಕ ಜಗಳವಾಡಲಿಲ್ಲ. ಹೊಸ ಫೋನಿನವರಿಗೆ ಹೊಸ ಗೇಮು ಮಾಡುವ, ಹಳೆಯದನ್ನು ಹಳೆಯ ಫೋನಿನವರಿಗೆ ಹಾಗೆಯೇ ಬಿಡುವ ಎಂದರು. ಅಷ್ಟರಲ್ಲಿ ಅವರಿಗೇ ಕಾಯಿಲೆ. ಗೊತ್ತಾಗುವಾಗ ತಡವಾಗಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಪಾಲುದಾರರ ಕೈ ಹಿಡಿದು, "ಹಳೆಯದನ್ನು ತೆಗೀಬೇಡಿ. ನಂಗೆ ಬೇರೆ ಎಂತ ಬೇಡ," ಎಂದರು. "ಎರಡೂ ಇಡುವ ಅಕ್ಕ, ನೀವು ತಲೆಬಿಸಿ ಮಾಡ್ಬೇಡಿ," ಎಂದರು ಅವರು. ಮಂಚದ ಈಚೆ ನಾನು ನಿಂತಿದ್ದೆ, ಪ್ರತಿಯೊಂದು ಮಾತೂ ಕೇಳಿದ್ದೇನೆ. ಅಕ್ಕ ಆ ಮಾತು ನಂಬಿಯೇ ಹೋದರು.

ಅಕ್ಕನ ಉತ್ತರಕ್ರಿಯೆಯ ಬೊಜ್ಜ ಆಗುವ ಮೊದಲೇ ಹೊಸ ಗೇಮು ಹೊರಬಂತು. ಮಂಜಿಲ್ಲ. ಕಣಿವೆ ಝಗಝಗ ಹೊಳೆಯುತ್ತದೆ. ತೆರೆದ ಕೂಡಲೇ ಅಕ್ಕನ ಫೋಟೊ, ಕೆಳಗೆ ಅವರ ನೆನಪಿಗೆ ಅರ್ಪಣೆ ಎಂಬ ಸಾಲು. ಹಳೆಯದನ್ನು ಒತ್ತಿದರೆ ಹೊಸತು ಹಾಕಿಕೊಳ್ಳಿ ಎಂದು ನಿಂತುಬಿಡುತ್ತಿತ್ತು. ನಾನು ಪಾಲುದಾರರಿಗೆ ಫೋನ್ ಮಾಡಿ, ಎರಡೂ ಇಡುವ ಎಂದಿರಲ್ಲ ಎಂದು ಕೇಳಿದೆ.

"ಆ ಹೊತ್ತಲ್ಲಿ ನಾನು ಮತ್ತೆ ಎಂತ ಹೇಳ್ಬೇಕಿತ್ತು? ಎರಡೆರಡು ಸಾಕುವುದು ಯಾರು? ಆ ಡಬ್ಬಾ ಫೋನಿನವರಿಂದ ನಮ್ಗೆ ಎಂತ ಸಿಗ್ತದೆ?"

ಅವತ್ತೇ ಕೆಲಸ ಬಿಟ್ಟೆ. ಬಿಟ್ಟದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಬೊಜ್ಜಕ್ಕೆ ಕಕ್ಕಿಂಜೆಗೆ ಹೋಗಿದ್ದೆ. ಚಪ್ಪರದಡಿ ಪಾಲುದಾರರು ತಮ್ಮ ದೊಡ್ಡ ಫೋನಿನಲ್ಲಿ ಗೇಮು ತೆರೆದು ಅಕ್ಕನ ಫೋಟೊವನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಅಕ್ಕನ ತಾಯಿ ನನ್ನನ್ನು ಒಳಗೆ ಕರೆದು, ಸೆರಗಿನ ಮರೆಯಿಂದ ತಮ್ಮ ಫೋನು ತೆಗೆದುಕೊಟ್ಟರು. "ಅವಳ ಪಟ ಬರ್ತದಂತೆ ಮಗಳೇ. ನಂಗೆ ಒಮ್ಮೆ ಹಾಕಿಕೊಡು."

ಹೊಸ ಗೇಮನ್ನು ಒತ್ತಿದೆ. ಈ ಫೋನಿಗೆ ಇದು ಆಗುವುದಿಲ್ಲ ಎಂದು ಬಂತು. ಮತ್ತೊಮ್ಮೆ ಒತ್ತಿದೆ. ಅದೇ. "ನಿಮ್ಮ ಫೋನಲ್ಲಿ ಇದು ಬರುವುದಿಲ್ಲ ಅಮ್ಮ," ಎಂದೆ.

ಅವರು ನನ್ನನ್ನೇ ನೋಡಿದರು. ಕೋಪವಿರಲಿಲ್ಲ, ಸಣ್ಣ ಮಕ್ಕಳ ತಪ್ಪು ತಿದ್ದುವ ದನಿ.

"ಬರ್ತದೆ ಮಗಳೇ. ಅವಳು ಮಾಡಿದ್ದಲ್ವಾ? ನನ್ನ ಫೋನಲ್ಲಿ ಬಾರದ್ದನ್ನು ಅವಳು ಮಾಡುವುದಿಲ್ಲ. ಸರಿಯಾಗಿ ನೋಡು."